ಜಟಗನಿಗಿಟ್ಟ ಕಾಯಿ

ಚಂದನಾ ಇವತ್ತು ಬರುವುದಿಲ್ಲ ಎಂದು ಖಾತ್ರಿಯಾಗಿದ್ದರೂ ಮಾಲತಿಯ ಕಿವಿ ಗೇಟಿನ ಕಡೆಗೇ ಇತ್ತು. ಬರದಿದ್ದರೆ ಕಿವಿಯೋಲೆ ಕದ್ದವಳು ಅವಳೇ ಎಂದಾಯಿತು. ಬಂದರೆ, ಕದ್ದೂ ಏನೂ ಆಗದವಳ ಹಾಗೆ ಬಂದು ಕೂರುವಷ್ಟು ಗಟ್ಟಿಗಿತ್ತಿ ಎಂದಾಯಿತು. ಹೇಗೆ ತಿರುಗಿಸಿದರೂ ತನ್ನ ಅನುಮಾನಕ್ಕೆ ನಷ್ಟವಿಲ್ಲ ಎಂಬುದು ಹೊಳೆದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಅನಿಸಿತು. ಆದರೂ ಎದ್ದು ಹೋಗಲಿಲ್ಲ. ಪ್ರತಿ ಭಾನುವಾರದಂತೆ ಮೇಜಿನ ಮೇಲೆ ಇಂಗ್ಲಿಷ್ ವ್ಯಾಕರಣದ ಪುಸ್ತಕ ತೆರೆದಿತ್ತು, ಎರಡು ಕುರ್ಚಿ ಎದುರುಬದುರು ಇದ್ದವು, ಕಲಸಿದ ಅವಲಕ್ಕಿಯ ಮೇಲೆ ತಟ್ಟೆ ಮುಚ್ಚಿತ್ತು. ಹೆದ್ದಾರಿಯಲ್ಲಿ ಭಟ್ಕಳದ ಕಡೆ ಹೋಗುವ ಲಾರಿಯೊಂದು ಶಿರಾಲಿ ಪೇಟೆ ದಾಟುವಾಗ ಉದ್ದಕ್ಕೂ ಹಾರ್ನ್ ಒತ್ತಿಕೊಂಡೇ ಹೋಯಿತು. ಅವಲಕ್ಕಿ ಮೆತ್ತಗಾಗುತ್ತಿರಬಹುದು ಎಂದುಕೊಂಡಳು.

ಇದಕ್ಕೆಲ್ಲ ಕಾರಣ ಶ್ರೀಧರ ಮಾಸ್ತರರು. ಗಂಡ ಶ್ರೀನಾಥ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂತವಳನ್ನು ಹುಡುಕಿಕೊಂಡು ಬಂದು, 'ಒಬ್ಬರಿಗೊಬ್ಬರು' ಎಂಬ ಅವರ ಸಂಸ್ಥೆಗೆ ಸೇರಿಸಿದವರು ಅವರೇ. ಮನೆಯಲ್ಲಿ ಕಲಿತವರಿಲ್ಲದ ಮಕ್ಕಳಿಗೆ ಊರಿನ ಒಬ್ಬೊಬ್ಬರು ಜೊತೆಯಾಗುವುದು, ವಾರಕ್ಕೊಮ್ಮೆ ಕೂತು ಓದಿನದ್ದು, ಮುಂದಿನದ್ದು ಮಾತಾಡುವುದು, ಸಂಬಳವಿಲ್ಲ, ಹೆಸರೂ ಇಲ್ಲ. ಲೈಬ್ರರಿಯ ಕೋಣೆಯಲ್ಲಿ ನಡೆದ ಮೊದಲ ಸಭೆಯಲ್ಲಿ ಮಾಸ್ತರರು, ಬುದ್ಧಿ ಹೇಳಲಿಕ್ಕೆ ಯಾರೂ ಬೇಡ, ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಿಸಿಕೊಳ್ಳುವವರು ಬೇಕು ಎಂದಿದ್ದರು. ಮಾಲತಿ ಒಳಗೇ ನಕ್ಕಿದ್ದಳು. ಹೊನ್ನಾವರದ ಟೆಲಿಫೋನ್ ಆಫೀಸಿನಲ್ಲಿ ಆಪರೇಟರಾಗಿ ಸೇರಿದ ಕಾಲದಲ್ಲಿ ಅವಳು ಮಾಡಿದ್ದೇ ಅದು. ಮುಂಬೈಗೆ ಟ್ರಂಕ್ ಕಾಲ್ ಹಚ್ಚಿಕೊಟ್ಟು, ಲೈನ್ ಸರಿ ಇದೆಯೋ ಇಲ್ಲವೋ ನೋಡುವ ನೆಪದಲ್ಲಿ ಕಿವಿಗೊಡುತ್ತಿದ್ದಳು. ಕೌಂಟರಿನ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದ ಹೆಂಗಸು ಬೂತಿನೊಳಗೆ ಹೋಗಿ 'ಇಲ್ಲಿ ಎಲ್ಲ ಚೆಂದ ಅದೆ' ಎನ್ನುವುದು ಕೇಳುತ್ತಿತ್ತು. ಆಡಿದ ಮಾತಿನ ಕೆಳಗೆ ಇನ್ನೊಂದು ಇದ್ದೇ ಇರುತ್ತದೆ ಎಂದು ಅಲ್ಲಿಂದ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಎಕ್ಸ್‌ಚೇಂಜು ಹೋಯಿತು, ಬೂತು ಹೋಯಿತು, ಅದೊಂದು ಹೋಗಲಿಲ್ಲ.

ಹಾಗೆ ಮಾಲತಿಯ ಪಾಲಿಗೆ ಬಂದ ಚಂದನಾ ಪಿಯುಸಿಯಲ್ಲಿದ್ದಳು, ನರ್ಸಿಂಗ್ ಓದುವ ಆಸೆ. ತಾಯಿ ಮಾಸ್ತಮ್ಮ ಮುರ್ಡೇಶ್ವರದ ಲಾಡ್ಜೊಂದರಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಮೊದಲ ದಿನ ಮಾತಿಗೆ ಮಾತು ಬಂದು, ಸಂಜೆ ಲಾಡ್ಜಿನಿಂದ ಹೊರಡುವಾಗ ಅಮ್ಮ ವಾಚ್‌ಮನ್ ಎದುರು ಚೀಲ ಬಿಚ್ಚಿ ತೋರಿಸಬೇಕು, ದಿನಾ ತೋರಿಸಬೇಕು ಎಂದು ಹುಡುಗಿ ಹೇಳಿದ್ದಳು. ದೂರಿನ ಧ್ವನಿಯಲ್ಲಿ ಅಲ್ಲ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿದ ಹಾಗೆ. ಮಾಲತಿ ಛೇ ಎಂದಿದ್ದಳು. ಮುಂದಿನ ಭಾನುವಾರವೇ ಬಿಸ್ಕಿಟಿನ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು, ಎಣಿಸಿಟ್ಟುಕೊಂಡು, ಹಿತ್ತಲಿಗೆ ಹೋಗಿ ಸುಮ್ಮನೆ ನಿಂತು ಬಂದಳು. ಬಿಸ್ಕಿಟು ಇದ್ದ ಹಾಗೇ ಇದ್ದವು. ಆಮೇಲೆ ಹೊಸ ಪೆನ್ನು, ಆಮೇಲೆ ಶ್ರೀನಾಥನ ಕೈಗಡಿಯಾರ. ಹುಡುಗಿ ಯಾವುದನ್ನೂ ಮುಟ್ಟಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈ ವಯಸ್ಸಿನವರಿಗೆ ಒಂದು ಬಿಸ್ಕಿಟಿನ ಆಸೆಯೂ ಇಲ್ಲವೆಂದರೆ ಅದು ಸಹಜವಲ್ಲ, ಇದು ದೊಡ್ಡದಕ್ಕೆ ಕಾಯುತ್ತಿದೆ ಎಂದು ಮನಸ್ಸು ಇನ್ನೊಂದು ಎಳೆ ಹಿಡಿಯಿತು. ಕೊನೆಗೆ ತಾನು ಈಗ ಹಾಕಿಕೊಳ್ಳದ ಬಂಗಾರದ ಓಲೆಗಳನ್ನು ಕಿಟಕಿಯ ಕಟ್ಟೆಯಲ್ಲಿ ಒಂದು ಸಣ್ಣ ತಟ್ಟೆಯಲ್ಲಿಟ್ಟು, ಪಾಲಿಶ್‌ಗೆ ಕೊಡಬೇಕು ಎಂದು ಚಂದನಾಳಿಗೆ ಕೇಳುವಂತೆ ತನ್ನಷ್ಟಕ್ಕೇ ಹೇಳಿಕೊಂಡಳು.

ಎರಡು ವಾರದ ಹಿಂದಿನ ಭಾನುವಾರ ಕುಮಟೆಯಿಂದ ನಾದಿನಿಯ ಫೋನ್ ಬಂತು. ಒಳಗೆ ಸಿಗ್ನಲ್ ಇಲ್ಲವೆಂದು ಹಿತ್ತಲಿಗೆ ಹೋದವಳು ಅಲ್ಲೇ ಉಳಿದಳು, ನಾದಿನಿಯ ಮಾತು ಒಮ್ಮೆ ಹಿಡಿದರೆ ಬಿಡುವ ಜಾತಿಯದಲ್ಲ. ಟೆಂಪೋ ತಪ್ಪುತ್ತದೆ ಎಂದು ಚಂದನಾ ಹಿತ್ತಲ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು, ಮಾಲತಿ ಹೋಗು ಹೋಗು ಎಂದು ಕೈ ಮಾಡಿದಳು. ಮರುದಿನ ನೋಡಿದರೆ ತಟ್ಟೆಯಲ್ಲಿ ಒಂದೇ ಓಲೆ. ಮೇಜು ಸರಿಸಿದಳು, ಕಸಬರಿಗೆ ಆಡಿಸಿದಳು, ಕಿಟಕಿಯ ಹೊರಗಿನ ದಾಸವಾಳದ ಬುಡ ಕೆದಕಿದಳು. ಒಂದನ್ನೇ ಯಾರು ಕದಿಯುತ್ತಾರೆ? ಜೋಡಿ ಹೋದರೆ ತಕ್ಷಣ ಗೊತ್ತಾಗುತ್ತದೆ, ಒಂದು ಹೋದರೆ ಬಿದ್ದಿರಬೇಕು ಅನ್ನಿಸುತ್ತದೆ, ಅದಕ್ಕೇ ಒಂದು. ಇಷ್ಟು ಯೋಚಿಸಬಲ್ಲ ಹುಡುಗಿಗೆ ತಾನು ವ್ಯಾಕರಣ ಹೇಳಿಕೊಡಲು ಹೊರಟಿದ್ದೆನಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲಿ, ಕಡೆಗೂ ತನ್ನ ಲೆಕ್ಕ ಸರಿಯಾಯಿತು ಎಂಬ ನೆಮ್ಮದಿಯಂಥದ್ದೂ ಇತ್ತು. ಅದನ್ನು ಅವಳು ಕಂಡೂ ಕಾಣದಂತೆ ಬಿಟ್ಟಳು.

ಮುಂದಿನ ಭಾನುವಾರ ಚಂದನಾ ಎಂದಿನ ಹಾಗೇ ಬಂದಳು. ಮಾಲತಿ ಕೇಳಲಿಲ್ಲ. ಕೇಳಿದರೆ ಅವಳು ಇಲ್ಲ ಅನ್ನುತ್ತಾಳೆ, ಆಮೇಲೆ ಆ ಇಲ್ಲವನ್ನು ಏನು ಮಾಡುವುದು? ಸುಮ್ಮನೆ ಗಮನಿಸಿದಳು. ಉಳಿದ ಓಲೆಯನ್ನೂ ಎತ್ತಿಟ್ಟು ಖಾಲಿಯಾಗಿದ್ದ ಕಿಟಕಿಕಟ್ಟೆಯನ್ನು ಹುಡುಗಿ ನೋಡಿದಳು. ಪಾಠದ ನಡುವೆ ಮತ್ತೆ ಮತ್ತೆ ದೇವರ ಗೂಡಿನ ಕಡೆ ಕಣ್ಣು ಹಾಯಿಸಿದಳು, ಅಲ್ಲಿ ಬೆಳ್ಳಿಯ ದೀಪವಿತ್ತು. ಹೊರಡುವ ಮುಂಚೆ, ಚಪ್ಪಲಿ ಮೆಟ್ಟುತ್ತ, "ಅಕ್ಕ, ದೇವರಿಗೆ ದೀಪ ಹಚ್ಚೂದು ದಿನಾ ನೀವೇಯಾ?" ಎಂದು ಕೇಳಿದಳು. ಹೌದು, ಎಂತಕ್ಕೆ ಎಂದರೆ, ಎಂತ ಇಲ್ಲ ಎಂದು ಹೋದಳು. ತಾನು ಮನೆಯಲ್ಲಿರುವುದು ಯಾವಾಗ, ಇಲ್ಲದಿರುವುದು ಯಾವಾಗ ಎಂದು ತಿಳಿದುಕೊಳ್ಳುತ್ತಿದ್ದಾಳೆ ಎಂದು ಮಾಲತಿಗೆ ಮೈ ಬಿಸಿಯಾಯಿತು. ಅಂದೇ ಬೆಳ್ಳಿಯ ದೀಪ ಕಪಾಟಿನೊಳಗೆ ಹೋಯಿತು. ಹಿತ್ತಾಳೆಯದು ಹೊರಗೆ ಬಂತು.

ಅದರ ಎರಡನೆಯ ದಿನ, ಮಂಗಳವಾರ, ಬಸಳೆ ತರಲೆಂದು ಪೇಟೆಗೆ ಹೋದವಳು ಬರುವಾಗ ಊರು ಕಾಯುವ ದೈವ ಜಟಗನ ಕಟ್ಟೆಯ ಹತ್ತಿರ ನಿಂತಳು. ಕಳವಾದರೆ, ಗಡಿಯ ಜಗಳವಾದರೆ ಊರವರು ಪೊಲೀಸರಿಗಿಂತ ಮೊದಲು ಬರುವುದು ಜಟಗನ ಮುಂದೆ. ಕಾಯಿಯೊಂದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ದೂರು ಹೇಳಿ ಇಡುವುದು. ತಪ್ಪು ಮಾಡಿದವರನ್ನು ಜಟಗ ತೋರಿಸಿಕೊಡುವವರೆಗೆ ಆ ಕಾಯಿ ಅಲ್ಲೇ ತೂಗುತ್ತಿರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಶ್ರೀನಾಥ ಇದ್ದಿದ್ದರೆ ವಾರಗಟ್ಟಲೆ ಕೀಟಲೆ ಮಾಡುತ್ತಿದ್ದ. ತಾನೇನು ನಂಬಿ ಇಡುತ್ತಿಲ್ಲ, ಮನಸ್ಸಿನ ಭಾರ ಎಲ್ಲಾದರೂ ಇಳಿಸಬೇಕಲ್ಲ ಎಂದು ಅವಳು ಸತ್ತ ಗಂಡನಿಗೇ ಸಮಜಾಯಿಷಿ ಕೊಟ್ಟಳು. ದೀಪ ಹಚ್ಚುವ ಮುದುಕ ಹಮ್ಮ, ಯಾರ ಹೆಸರು ಹೇಳಲಿ ಎಂದು ಕೇಳಿದ. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ತಾನು ಅಷ್ಟು ಕೆಟ್ಟವಳಲ್ಲ ಎಂದು ತೋರಿಸಿಕೊಳ್ಳಲು ಅದನ್ನು ನುಂಗಿ, "ಹೆಸರು ಬೇಡ. ಯಾವ ಕೈ ಮುಟ್ಟಿದೆಯೋ ಆ ಕೈ ತೋರಿಸಲಿ" ಎಂದಳು. ಎಣ್ಣೆ ಹಾಕಲು ಬಂದಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅವಳ ಮನೆಗೆ ಹೋಗಿ ಬರುವ ಹೊರಗಿನವಳು ಊರಲ್ಲಿ ಒಬ್ಬಳೇ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಈಗ ಮೇಜಿನ ಮುಂದೆ ಗೇಟಿಗೆ ಕಿವಿಗೊಟ್ಟು ಕೂತಿದ್ದಾಗ ಫೋನ್ ಹೊಡೆದುಕೊಂಡಿತು. ಚಂದನಾಳದ್ದಲ್ಲ, ಶ್ರೀಧರ ಮಾಸ್ತರರದ್ದು. ಹುಡುಗಿ ಇವತ್ತು ಬರುವುದಿಲ್ಲ, ಶುಕ್ರವಾರ ಗಂಜಿ ಬಸಿಯುವಾಗ ತಪ್ಪಲೆ ಜಾರಿ ಬಲಗೈ ಸುಟ್ಟುಕೊಂಡಿದ್ದಾಳೆ ಎಂದರು. ಆಮೇಲೆ, ನೀವು ಕಾಯಿ ಇಟ್ಟಿದ್ದೀರಂತಲ್ಲ ಎಂದು ಕೇಳಿದರು. ಮಾಲತಿ ಹೂಂ ಎಂದಳು. ಊರಲ್ಲಿ ಈಗ ಬೇರೆ ಮಾತೇ ಇಲ್ಲ, ಜಟಗ ಕೈ ತೋರಿಸಿದ ಅಂತ ಕೇರಿಯ ಮಕ್ಕಳೂ ಹೇಳುತ್ತಿವೆ, ತಾನು ಇದನ್ನೆಲ್ಲ ನಂಬುವವನಲ್ಲ, ಆದರೆ ಸಂಸ್ಥೆಯ ಹೆಸರು ಅಂತ ಒಂದು ಇರುತ್ತದೆ ಎಂದರು. "ಆ ಹುಡುಗೀನ ಸದ್ಯ ಬಿಟ್ಟುಬಿಡ್ವ ಮಾಲತಕ್ಕ. ನಿಮಗೆ ಬೇರೆ ಒಳ್ಳೆ ಮನೆ ಮಗುನ್ನ ಕೊಡ್ತೆ." ಫೋನ್ ಇಟ್ಟ ಮೇಲೆ ಅವಳಿಗೆ ಮೊದಲು ಆದದ್ದು ದುಃಖವಲ್ಲ. ತೋರಿಸಿದನಲ್ಲ ಎಂಬ ಒಂದು ಹಿಗ್ಗು ಎದೆಯಲ್ಲಿ ಎದ್ದು, ಬಾಯಿಯವರೆಗೂ ಬಂದು, ಅಲ್ಲೇ ಕಹಿಯಾಯಿತು. ಕುದಿಯುವ ಗಂಜಿ ಬಿದ್ದದ್ದು ಒಂದು ಮಗುವಿನ ಕೈಮೇಲೆ. ಆ ಕೈಯನ್ನು ತಾನೇ ಬಾಯಿಬಿಟ್ಟು ಕೇಳಿದ್ದಳು. ಇನ್ನು ಆ ಹುಡುಗಿ ನರ್ಸಿಂಗಿಗೆ ಹೋಗುವುದಿಲ್ಲ. ಕಳ್ಳಿ ಎಂದು ಹೆಸರು ಬಿದ್ದವಳು ತಾಯಿಯ ಜೊತೆ ಲಾಡ್ಜಿಗೆ ಹೋಗುವುದೂ ಕಷ್ಟ, ಅಲ್ಲಿಯೂ ಸುದ್ದಿ ಮುಟ್ಟಿರುತ್ತದೆ. ಅವಳು ಅವಲಕ್ಕಿಯ ತಟ್ಟೆಯನ್ನು ಹಾಗೇ ಬಿಟ್ಟು, ಮನೆಗೆ ಚಾವಿ ಹಾಕಿ ಹೊರಟಳು.

ಹೊಳೆಯ ಕಡೆಯ ಚಂದನಾಳ ಕೇರಿಗೆ ಮಾಲತಿ ಹೋದದ್ದು ಇದೇ ಮೊದಲು. ಇಷ್ಟು ದಿನ ಹುಡುಗಿಯ ಮುಂದಿನ ಬದುಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದವಳು, ಅವಳ ಮನೆಗೆ ದಾರಿ ಎಲ್ಲಿ ತಿರುಗುತ್ತದೆ ಎಂದು ಮೂರು ಕಡೆ ಕೇಳಬೇಕಾಯಿತು. ಕೇಳಿದ ಕಡೆಯೆಲ್ಲ ಜನ ದಾರಿ ತೋರಿಸಿ, ಅವಳು ಮುಂದೆ ಹೋಗುವವರೆಗೂ ಅಲ್ಲೇ ನಿಂತು ನೋಡಿದರು. ಬೇಕರಿಯಲ್ಲಿ ಕೊಂಡ ಬ್ರೆಡ್ಡು ಕೈಯಲ್ಲಿತ್ತು. ಅದು ಆಸ್ಪತ್ರೆಗೆ ಒಯ್ಯುವ ಸಾಮಾನಿನ ಹಾಗೆ ಕಾಣುತ್ತಿದೆ ಎಂದು ಸೆರಗಿನ ಕೆಳಗೆ ಹಿಡಿದಳು. ಮಾಸ್ತಮ್ಮ ಜಗಲಿಯಲ್ಲಿ ನಿಂತಿದ್ದಳು. ಕೂರಿ ಎನ್ನಲಿಲ್ಲ. ಒಳಗಿನಿಂದ ಒಂದು ಟ್ರಂಕು ಎಳೆದು ತಂದು, ಮುಚ್ಚಳ ತೆಗೆದು, ಮಾಲತಿಯ ಕಾಲ ಬಳಿ ಇಟ್ಟಳು.

"ಹುಡ್ಕೂದಾದ್ರೆ ಹುಡ್ಕಿ ಅಕ್ಕೋರೆ. ನಮ್ಮನೆಲಿ ಚಾವಿ ಹಾಕೂದು ಎಂತದೂ ಇಲ್ಲ."

ಮಾಲತಿಗೆ ಟ್ರಂಕಿನೊಳಗಿನ ಮಡಿಚಿದ ಸೀರೆಗಳು ಕಂಡವು. ಅದರ ಮೇಲೆ ತಾನು ಕೊಟ್ಟ ಇಂಗ್ಲಿಷ್ ಶಬ್ದಕೋಶವೂ ಇತ್ತು. ಅವಳು ಮುಖ ತಿರುಗಿಸಿದಳು. ಚಂದನಾ ಒಳಗಿನಿಂದ ಬಂದಳು, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು, ಮುಖ ಬಾಡಿತ್ತು. ಮಾಲತಿ ಆಗ ಕೇಳಿದಳು. ಹೋದ ಭಾನುವಾರವೇ ಕೇಳಬೇಕಾಗಿದ್ದನ್ನು, ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದುದನ್ನು, ಈಗ ಆ ತಾಯಿಯ ಎದುರು ಕೇಳಿದಳು. ಹುಡುಗಿ ಆಶ್ಚರ್ಯದಿಂದ ಅವಳನ್ನೇ ನೋಡಿದಳು.

"ಕುಂಕುಮದ ಭರಣಿಲಿ ಇಟ್ಟಿದ್ದೆ ಅಕ್ಕ. ನಿಮಗೆ ಸಿಕ್ಲೇ ಇಲ್ವಾ?"

ಕಿಟಕಿ ಮುಚ್ಚಲು ಹೋದಾಗ ತಟ್ಟೆ ವಾಲಿ ಒಂದು ಓಲೆ ಕೆಳಗೆ ಬಿತ್ತಂತೆ. ನೋಡದೆ ಅವಳು ಅದರ ಮೇಲೆ ಕಾಲಿಟ್ಟಳಂತೆ. ಕಾಲಿಗೆ ತಾಗಿದ ಬಂಗಾರವನ್ನು ಹಾಗೇ ಎತ್ತಿಡಬಾರದು, ದೇವರ ಕುಂಕುಮದಲ್ಲಿ ಒಂದು ರಾತ್ರಿ ಇಟ್ಟೇ ತೆಗೆಯಬೇಕು, ಇಲ್ಲದಿದ್ದರೆ ಆ ಮನೆಗೆ ಒಳ್ಳೆಯದಲ್ಲ. ಅವರ ಕೇರಿಯಲ್ಲಿ ಎಲ್ಲರೂ ಹಾಗೇ ಮಾಡುವುದು, ಎಲ್ಲ ಮನೆಯಲ್ಲೂ ಮಾಡುತ್ತಾರೆ ಎಂದೇ ಅವಳು ತಿಳಿದದ್ದು. ಹೇಳೋಣ ಎಂದು ಹಿತ್ತಲಿಗೆ ಬಂದರೆ ಅಕ್ಕ ಫೋನಿನಲ್ಲಿ. ಹೇಗೂ ಬೆಳಿಗ್ಗೆ ದೀಪ ಹಚ್ಚುವವರು ಕುಂಕುಮಕ್ಕೆ ಕೈ ಹಾಕಿಯೇ ಹಾಕುತ್ತಾರೆ, ಕಾಲಿಟ್ಟದ್ದನ್ನು ಹೇಳಲು ನಾಚಿಕೆಯೂ ಆಗಿತ್ತು. ಮುಂದಿನ ವಾರ ಕಿಟಕಿಕಟ್ಟೆ ಖಾಲಿ ಕಂಡು, ಸಿಕ್ಕಿರಬೇಕು, ಎತ್ತಿಟ್ಟಿರಬೇಕು ಅಂದುಕೊಂಡಳಂತೆ. ಮಾಲತಿಗೆ ತನ್ನ ದೇವರ ಗೂಡು ಕಣ್ಣಿಗೆ ಕಟ್ಟಿತು. ಶ್ರೀನಾಥ ಹೋದ ದಿನದಿಂದ ತಾನು ಆ ಭರಣಿಯ ಮುಚ್ಚಳ ತೆಗೆದಿಲ್ಲ, ದೇವರಿಗೂ ಹೂವು ಮಾತ್ರ, ಹಣೆಗೆ ಕಪ್ಪು ಸ್ಟಿಕ್ಕರ್ ಮಾತ್ರ ಎಂಬುದನ್ನು ಒಂದು ಚಿಕ್ಕ ಹುಡುಗಿ ಹೇಗೆ ತಾನೇ ಊಹಿಸಬೇಕಿತ್ತು? ಯಾರೂ ಮುಟ್ಟದ ಜಾಗವೆಂದು ತಾನು ಬಿಟ್ಟಿದ್ದ ಜಾಗ, ಎಲ್ಲರ ಕೈಗೂ ಮೊದಲು ಸಿಗುವ ಜಾಗವೆಂದು ಅವಳು ತಿಳಿದಿದ್ದಳು.

ಮನೆಗೆ ಬಂದು ಭರಣಿಯ ಮುಂದೆ ಎಷ್ಟೋ ಹೊತ್ತು ನಿಂತಳು. ಮಳೆಗಾಲದ ಥಂಡಿಗೆ ಮುಚ್ಚಳ ಕಚ್ಚಿಕೊಂಡಿತ್ತು. ಒಳಗೆ ಕುಂಕುಮ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಚಮಚದ ಹಿಡಿಯಿಂದ ಕೆದಕಿದಾಗ ಓಲೆ ಸಿಕ್ಕಿತು. ಕೈಯೆಲ್ಲ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಓಲೆಗೋ ಗಂಡನಿಗೋ ಆ ಹುಡುಗಿಯ ಕೈಗೋ ಅವಳಿಗೆ ಗೊತ್ತಾಗಲಿಲ್ಲ. ಅಳುತ್ತಿರುವಾಗಲೇ ಮನಸ್ಸು ಸದ್ದಿಲ್ಲದೆ ತನ್ನ ಕೆಲಸ ಶುರುಮಾಡಿತು. ಕದ್ದು ಒಯ್ದು, ಹೆದರಿ, ಹೋದ ವಾರ ಬಂದಾಗ ತಂದು ಹುಗಿದಿದ್ದರೆ? ಗೂಡಿನ ಕಡೆ ಅಷ್ಟು ಸಲ ನೋಡಿದಳಲ್ಲ. ಹೆಪ್ಪುಗಟ್ಟಿದ್ದು ಎರಡು ವಾರದ್ದೋ ಒಂದು ವಾರದ್ದೋ, ಕುಂಕುಮ ಹೇಳುವುದಿಲ್ಲ. ಅವಳು ಮುಚ್ಚಳವನ್ನು ಜೋರಾಗಿ ಒತ್ತಿ ಮುಚ್ಚಿದಳು, ಆ ಯೋಚನೆಯನ್ನೂ ಅದರೊಳಗೆ ಹಾಕಿದವಳ ಹಾಗೆ. ಊರವರೂ ಇದನ್ನೇ ಹೇಳುತ್ತಾರೆ ಎಂಬುದು ಆಗ ಹೊಳೆಯಿತು. ಓಲೆ ಸಿಕ್ಕಿತು ಎಂದರೆ, ಜಟಗನಿಗೆ ಹೆದರಿ ತಂದಿಟ್ಟಳು ಅನ್ನುತ್ತಾರೆ.

ಮರುದಿನವೇ, ಯಾರೂ ಇಲ್ಲದ ಮಧ್ಯಾಹ್ನ, ಕಟ್ಟೆಗೆ ಹೋಗಿ ಕಾಯಿ ಬಿಚ್ಚಿಕೊಡು ಎಂದು ಹಮ್ಮನನ್ನು ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಇಟ್ಟವರು ಜನರ ಎದುರೇ ಬಂದು, ದೂರು ಸುಳ್ಳಾಯಿತು ಎಂದು ಬಾಯಿಬಿಟ್ಟು ಹೇಳಿ, ತಪ್ಪುಕಾಣಿಕೆ ಹಾಕಿಯೇ ತೆಗೆಯಬೇಕು, ಕದ್ದುಮುಚ್ಚಿ ತೆಗೆದರೆ ಅದು ಇಟ್ಟವರ ಮೇಲೇ ತಿರುಗುತ್ತದೆ ಎಂದ. "ನಾಳೆ ಮಂಗಳವಾರ. ಜನ ಇರ್ತರೆ. ನಾಳೆ ಬನ್ನಿ ಅಮ್ಮ." ನಂಬದವಳಿಗೆ ಹೆದರಿಕೆ ಯಾಕೆ ಎಂದು ಶ್ರೀನಾಥ ಕೇಳಿದಂತಾಯಿತು. ಅವಳು ಮಾಸ್ತಮ್ಮನಿಗೆ ಫೋನ್ ಮಾಡಿ ಹೇಳಿದಳು. ನಾವೂ ಬರುತ್ತೇವೆ, ನಮ್ಮ ಕಿವಿಯಲ್ಲೇ ಕೇಳಬೇಕು ಎಂದು ಮಾಸ್ತಮ್ಮ ಫೋನ್ ಇಟ್ಟಳು.

ಮಂಗಳವಾರ ಕಟ್ಟೆಯ ಮುಂದೆ ಎಂದಿಗಿಂತ ಹೆಚ್ಚೇ ಜನರಿದ್ದರು. ಎಲ್ಲರಿಗೂ ಎಣ್ಣೆ ಹಾಕುವ ಹರಕೆ ಒಟ್ಟಿಗೇ ನೆನಪಾಗಿತ್ತು. ಶ್ರೀಧರ ಮಾಸ್ತರರು ಸ್ವಲ್ಪ ದೂರದಲ್ಲಿ, ದಾರಿಯಲ್ಲಿ ಹೋಗುತ್ತಿದ್ದವರು ನಿಂತ ಹಾಗೆ ನಿಂತಿದ್ದರು. ಮಾಸ್ತಮ್ಮ ಮಗಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದಳು, ಬ್ಯಾಂಡೇಜಿನ ಕೈ ಕಾಣುವ ಹಾಗೆ. ಮಾಲತಿ ಕಾಣಿಕೆ ಹಾಕಿದಳು, ಓಲೆ ತನ್ನ ಮನೆಯಲ್ಲೇ ಕುಂಕುಮದ ಭರಣಿಯಲ್ಲಿ ಸಿಕ್ಕಿತು ಎಂದಳು. ಧ್ವನಿ ತನ್ನದಲ್ಲ ಅನಿಸಿತು. ಜನರಲ್ಲಿ ಒಂದು ಗುಜುಗುಜು ಎದ್ದಿತು, ಯಾರೋ ಸುಟ್ಟ ಕೈಯ ಕಡೆ ಗಲ್ಲ ತೋರಿಸಿದರು. ಹಮ್ಮ ಕಾಯಿಯ ಗಂಟಿಗೆ ಕೈ ಹಾಕಿ, ಬಿಚ್ಚದೆ ನಿಂತ.

"ಭರಣಿಲಿ ಇಟ್ಟ ಕೈ ಯಾರದು?"

ನಿಜ ಹೇಳಿದರೆ ಹುಡುಗಿ ಮುಟ್ಟಿದ್ದು ನಿಜವಾಗುತ್ತದೆ, ಉಳಿದದ್ದನ್ನು ಊರು ತನಗೆ ಬೇಕಾದಂತೆ ಪೂರೈಸಿಕೊಳ್ಳುತ್ತದೆ. ಓಲೆಯನ್ನು ಕಿಟಕಿಯಲ್ಲಿ ಯಾಕಿಟ್ಟಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಮಾಲತಿ ಜಟಗನ ಒರಟು ಕಲ್ಲನ್ನು ನೋಡಿದಳು. ಹೆದರಿಕೆಯಾಯಿತು, ನಿಜವಾದ ಹೆದರಿಕೆ.

"ನಂದೇ" ಎಂದಳು. "ನಾನೇ ಇಟ್ಟು ಮರೆತದ್ದು."

ಚಂದನಾ ಬಾಯಿ ತೆರೆದಳು. ಮಾಸ್ತಮ್ಮ ಅವಳ ಭುಜ ಒತ್ತಿ ಹಿಡಿದಳು. ಗುಜುಗುಜು ನಿಂತುಹೋಯಿತು. ಎಲ್ಲರ ಕಣ್ಣೂ ಹುಡುಗಿಯ ಕೈ ಬಿಟ್ಟು ಮಾಲತಿಯ ಹಣೆಗೆ ಬಂದವು. ಗಂಡ ಹೋದವಳಿಗೆ ಕುಂಕುಮದ ಭರಣಿಯಲ್ಲಿ ಏನು ಕೆಲಸ ಎಂದು ಒಬ್ಬರೂ ಕೇಳಲಿಲ್ಲ, ಇನ್ನು ಬಹಳ ದಿನ ಅವಳಿಲ್ಲದ ಕಡೆ ಕೇಳಿಕೊಳ್ಳಲಿಕ್ಕಿತ್ತು. ಅವಳು ಆ ನೋಟದ ಅಡಿಯಲ್ಲಿ ಅಲ್ಲಾಡದೆ ನಿಂತಳು. ಉಗುರಿನ ಸಂದಿಯ ಕೆಂಪು ಇನ್ನೂ ಹೋಗಿರಲಿಲ್ಲ. ಹಮ್ಮ ಕಾಯಿ ಬಿಚ್ಚಿ ಅವಳ ಕೈಗೆ ಕೊಟ್ಟ, ಪ್ರಸಾದ ಹಂಚುವಾಗ ಅವಳ ಮುಂದೆ ಒಂದು ಕ್ಷಣ ತಡೆದು, ಕುಂಕುಮ ಬಿಟ್ಟು ಹೂವನ್ನಷ್ಟೇ ಇಟ್ಟ. ಮಾಸ್ತರರು ಹತ್ತಿರ ಬಂದು, ಆತು, ಎಲ್ಲ ಸರಿ ಆತಲ್ಲ, ಹುಡುಗಿ ನಿಮ್ಮಲ್ಲೇ ಮುಂದುವರಿಯಲಿ ಎಂದರು. ಮಾಸ್ತಮ್ಮ ಮಗಳನ್ನು ಕರೆದುಕೊಂಡು ಹೋದಳು. ತಿರುವಿನಲ್ಲಿ ಚಂದನಾ ಹಿಂತಿರುಗಿ ನೋಡಿದಳು. ದೇವರೆದುರು ಇಷ್ಟು ಸಲೀಸಾಗಿ ಸುಳ್ಳು ಹೇಳಿದವರು ತನ್ನೆದುರು ಏನೇನು ಹೇಳಿರಬಹುದು ಎಂದು ಲೆಕ್ಕ ಹಾಕುವ ನೋಟವೋ ಅದು, ಅಥವಾ ಸುಮ್ಮನೆ ನೋಡಿದ್ದೋ, ಮಾಲತಿಗೆ ತಿಳಿಯಲಿಲ್ಲ.

ಭಾನುವಾರ ಅವಳು ಬಂದಳು. ಮಾಲತಿ ಬಾಗಿಲಿಗೇ ಓಡಿದಳು, ಕುರ್ಚಿ ಎಳೆದು ಕೊಟ್ಟಳು, ಬರೆಯುವುದೆಲ್ಲ ತಾನೇ ಬರೆದಳು. ಕಿಟಕಿಯ ಕಟ್ಟೆ ಖಾಲಿ ಇತ್ತು, ದೇವರ ಗೂಡಿನಲ್ಲಿ ಬೆಳ್ಳಿಯ ದೀಪ ಮತ್ತೆ ಬಂದಿತ್ತು. ಹುಡುಗಿ ಚೆನ್ನಾಗಿಯೇ ಉತ್ತರ ಹೇಳಿದಳು, ಒಮ್ಮೆ ನಕ್ಕಳು ಕೂಡ. ಎಲ್ಲ ಮೊದಲಿನಂತಾಗುತ್ತದೆ ಎಂದು ಮಾಲತಿಗೆ ಆಸೆ ಹುಟ್ಟಿತು. ಪಾಠ ಮುಗಿದು ಹೊರಡುವಾಗ ಚಂದನಾ ಚಪ್ಪಲಿ ಮೆಟ್ಟಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, ಎಡಗೈಯಲ್ಲಿ ಕಷ್ಟಪಟ್ಟು ಜಿಪ್ಪು ಎಳೆದು, ಬಾಯಿ ಅಗಲ ಮಾಡಿ ಹಿಡಿದಳು.

"ನೋಡಿಬಿಡಿ ಅಕ್ಕ."

ಎಂತಕ್ಕೆ ಇದೆಲ್ಲ, ಮುಚ್ಚು ಮಗಾ ಎಂದು ಮಾಲತಿ ಎರಡು ಹೆಜ್ಜೆ ಹಿಂದೆ ಸರಿದಳು. ಹುಡುಗಿಯ ಮುಖದಲ್ಲಿ ಸಿಟ್ಟಿರಲಿಲ್ಲ.

"ಇರ್ಲಿ. ದಿನಾ ತೋರ್ಸಿ ಹೋದ್ರೆ ಯಾರಿಗೂ ತ್ರಾಸಿಲ್ಲ ಅಂತ ಅಮ್ಮ ಹೇಳಿದ್ದಳೆ."

ನೋಡದೆ ಅವಳು ಹೋಗುವುದಿಲ್ಲ, ಟೆಂಪೋ ಬರುವ ಹೊತ್ತಾಗಿತ್ತು. ಮಾಲತಿ ಬಗ್ಗಿದಳು. ಪುಸ್ತಕ, ನೀರಿನ ಬಾಟಲಿ, ಕೈಗೆ ಹಚ್ಚುವ ಮುಲಾಮಿನ ಟ್ಯೂಬು. ಅಷ್ಟಕ್ಕೇ ಮುಖ ಎತ್ತಬೇಕೆಂದುಕೊಂಡಳು. ಬೇಡ ಬೇಡ ಅಂದುಕೊಳ್ಳುತ್ತಿರುವಾಗಲೇ ಅವಳ ಕಣ್ಣು ಪುಸ್ತಕದ ಸಂದಿಗೆ ಇಳಿದು, ಚೀಲದ ತಳದ ಮೂಲೆ ಮೂಲೆಗೂ ಹೋಗಿ ಬಂತು. ತಲೆ ಎತ್ತಿದಾಗ ಚಂದನಾ ಅವಳ ಕಣ್ಣುಗಳನ್ನೇ ನೋಡುತ್ತಿದ್ದಳು.

"ಆತಾ ಅಕ್ಕ?" ಎಂದು ಕೇಳಿದಳು.

"ಆತು" ಎಂದಳು ಮಾಲತಿ.